ಡಾಕ್ಟರ ಹತ್ತಿರ ಹೋದರೆ ದೇವರ ಸಮಯಕ್ಕೆ ಕಾಯಲಿಲ್ಲ ಅಂತ ಆಗುತ್ತಾ?

ಹಾಸನದ ಸೊಸೆ

ಎಲ್ಲರಿಗೂ ವಂದನೆ. ಇಲ್ಲಿ ತುಂಬಾ ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ.

ನನಗೀಗ 35. ನಮ್ಮೆಜಮಾನರಿಗೆ 39. ಮದುವೆಯಾಗಿ ಏಳೆಂಟು ವರ್ಷವಾಯಿತು, ಮಕ್ಕಳಾಗಿಲ್ಲ. ಸಭೆಯಲ್ಲಿ, ಮನೆಯಲ್ಲಿ, ಬುಧವಾರದ ಮಹಿಳಾ ಕೂಟದಲ್ಲಿ ಎಲ್ಲರದೂ ಒಂದೇ ಮಾತು: "ದೇವರ ಸಮಯಕ್ಕೆ ಕಾಯಮ್ಮ." ಕಾದೆವು. ಉಪವಾಸ ಪ್ರಾರ್ಥನೆಯೂ ಆಯಿತು. ಹೋದ ವರ್ಷಕ್ಕೆ ಹಿಂದಿನ ವರ್ಷ ಹೊರಗಿನಿಂದ ಬಂದಿದ್ದ ಒಬ್ಬ ಬೋಧಕರು ನನ್ನ ತಲೆಯ ಮೇಲೆ ಕೈಯಿಟ್ಟು, ಮೈಕಿನಲ್ಲೇ ಹೇಳಿದರು. ಮುಂದಿನ ಕ್ರಿಸ್‌ಮಸ್‌ಗೆ ಈ ಮಗಳು ಕೂಸನ್ನು ಎತ್ತಿಕೊಂಡು ಇದೇ ಸಭೆಗೆ ಬರುತ್ತಾಳೆ ಅಂತ. ನಮ್ಮತ್ತೆ ಅದೇ ವಾರ ಸಂತೆಗೆ ಹೋಗಿ ಉಣ್ಣೆಯ ಕುಲಾವಿ, ಕಾಲುಚೀಲ ತಂದರು. ಗಂಡಾದರೂ ಹೆಣ್ಣಾದರೂ ಆಗುತ್ತೆ ಅಂತ ಹಳದಿ ಬಣ್ಣದ್ದು. ಕ್ರಿಸ್‌ಮಸ್ ಬಂತು, ಹೋಯಿತು. ಆ ಬೋಧಕರು ಮತ್ತೆ ಈ ಕಡೆ ಬಂದಿಲ್ಲ.

ಈಗ ಇಲ್ಲಿನ ಲೇಡಿ ಡಾಕ್ಟರು, "ಇಲ್ಲಿ ಆಗುವುದೆಲ್ಲ ಆಯಿತು, ದೊಡ್ಡ ಕಡೆ ತೋರಿಸಿ, ತಡ ಮಾಡಬೇಡಿ" ಅಂದಿದ್ದಾರೆ. ಐವಿಎಫ್ (ಅಂಡಾಣು, ವೀರ್ಯ ದೇಹದ ಹೊರಗೆ ಸೇರಿಸಿ ಭ್ರೂಣ ಮಾಡುವ ಚಿಕಿತ್ಸೆ) ಬೇಕಾಗಬಹುದು ಅಂತಲೂ ಹೇಳಿದರು. ಕೂಟದಲ್ಲಿ ಇದನ್ನು ಹೇಳಿ ಪ್ರಾರ್ಥಿಸಿ ಅಂದೆ. ಹಿರಿಯರೊಬ್ಬರು, "ಸಾರಳೂ ಹೀಗೇ ಅವಸರಪಟ್ಟಳು. ಏನು ಹುಟ್ಟಿತು? ಇಷ್ಮಾಯೇಲ. ನೀನೂ ಇಷ್ಮಾಯೇಲನನ್ನು ಹೆರಬೇಡ" ಅಂದರು. ಬೈಬಲಿನ ಸಾರ ಮಕ್ಕಳಿಲ್ಲದೆ ತನ್ನ ದಾಸಿ ಹಾಗರಳನ್ನು ಗಂಡ ಅಬ್ರಹಾಮನಿಗೆ ಕೊಟ್ಟಳು, ಅವಳಲ್ಲಿ ಹುಟ್ಟಿದವನು ಇಷ್ಮಾಯೇಲ, ಆ ಕಥೆ. ಆಮೇಲೆ ಯಾರೂ ಮಾತಾಡಲಿಲ್ಲ. ಟೀ ಕೊಟ್ಟರು, ಕುಡಿದು ಬಂದೆ.

ಯಜಮಾನರು ಇನ್ನೊಂದು ವರ್ಷ ನೋಡೋಣ ಅನ್ನುತ್ತಿದ್ದಾರೆ. ನನಗೆ ದೇವರ ಮೇಲೆ ಸಿಟ್ಟಿಲ್ಲ. ಆದರೆ ಕಾಯುವುದು ಅಂದರೆ ಕೈಕಟ್ಟಿ ಕೂರುವುದಾ? ದೇವರ ಸಮಯ ಯಾವುದು ಅಂತ ನಮಗೆ ಹೇಗೆ ಗೊತ್ತಾಗುತ್ತೆ? ಗೊತ್ತಿರುವವರು ಹೇಳಿ.

ಕೋಲಾರದವ

ಸಿಸ್ಟರ್, ಆತನು ತಡಮಾಡುವ ದೇವರಲ್ಲ. ಯೆರೆಮೀಯ 29:11 ಹಿಡಿದುಕೊಳ್ಳಿ, ನಿಮಗೆ ಒಳ್ಳೆಯ ಭವಿಷ್ಯ, ನಿರೀಕ್ಷೆ ಕೊಡುವುದೇ ನನ್ನ ಯೋಚನೆ ಅನ್ನುವ ದೇವರ ಮಾತು. ಈ ವರ್ಷ ನಮ್ಮ ಮನೆಗೆ ಬಂದ ವಾಗ್ದಾನವೂ ಅದೇ, ಫ್ರೇಮ್ ಹಾಕಿಸಿದ್ದೇವೆ. ಪ್ರಾರ್ಥಿಸುತ್ತೇವೆ. ಆಮೆನ್.

ರಾತ್ರಿಪಾಳಿ

ಅಕ್ಕಾ, ನಾನು ಉಡುಪಿ ಕಡೆಯವಳು, ಕುವೈತಿನಲ್ಲಿ ನರ್ಸ್. ಹೆರಿಗೆ ವಾರ್ಡಿನ ಕೆಲಸ. ವಚನದ ವಿಷಯ ನನಗಿಂತ ತಿಳಿದವರು ಹೇಳಲಿ, ನಾನು ಆಸ್ಪತ್ರೆಯ ಮಾತು ಹೇಳುತ್ತೇನೆ.

ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ಪರೀಕ್ಷೆ ಮಾಡಿಸಿ ಅನ್ನುವುದು ಸಾಮಾನ್ಯ ನಿಯಮ. ಹೆಂಗಸಿಗೆ 35 ದಾಟಿದ್ದರೆ ಆರೇ ತಿಂಗಳು. ಯಾಕೆಂದರೆ ನಾವು ಹುಟ್ಟುವಾಗಲೇ ಅಂಡಾಣುಗಳನ್ನು ಹೊತ್ತುಕೊಂಡು ಬಂದಿರುತ್ತೇವೆ, ಹೊಸದಾಗಿ ಆಗುವುದಿಲ್ಲ. 35ರ ನಂತರ ಅವು ಬೇಗ ಬೇಗ ಕಮ್ಮಿಯಾಗುತ್ತವೆ. ಐವಿಎಫ್ ಮಾಡಿಸಿದರೂ ವಯಸ್ಸು ಹೆಚ್ಚಿದಷ್ಟೂ ಫಲ ಕಡಿಮೆ. ಹಾಗಾಗಿ "ಇನ್ನೊಂದು ವರ್ಷ ನೋಡೋಣ" ಅನ್ನುವುದು ಗಂಡಸಿಗೆ ಒಂದು ವರ್ಷ, ನಿಮಗೆ ಹಾಗಲ್ಲ.

ಇನ್ನೊಂದು ಕೇಳಲೇಬೇಕು. ಅಣ್ಣನ ಪರೀಕ್ಷೆ ಆಗಿದೆಯಾ? ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಮಕ್ಕಳಾಗದ ಜೋಡಿಗಳಲ್ಲಿ ಗಂಡಿನ ಕಡೆಯ ಕಾರಣ ಇರುವುದು ತುಂಬಾ ಸಾಮಾನ್ಯ. ವೀರ್ಯ ಪರೀಕ್ಷೆ ಎಲ್ಲಕ್ಕಿಂತ ಸುಲಭ, ಖರ್ಚೂ ಕಮ್ಮಿ. ಮೊದಲು ಆಗಬೇಕಾದದ್ದೇ ಅದು. ನಮ್ಮ ಸಭೆಗಳಲ್ಲಿ ಯಾವಾಗಲೂ ಹೆಣ್ಣನ್ನೇ ಮುಂದೆ ಕರೆದು ತಲೆ ಮೇಲೆ ಕೈಯಿಡುತ್ತಾರೆ. ಅಣ್ಣನ ತಲೆ ಮೇಲೆ ಯಾರಾದರೂ ಕೈಯಿಟ್ಟಿದ್ದಾರಾ?

ಹಾಸನದ ಸೊಸೆ

ಇಲ್ಲ. ಎರಡೂ ಆಗಿಲ್ಲ. ಓದಿ ಒಂದು ನಿಮಿಷ ಸುಮ್ನೆ ಕೂತಿದ್ದೆ.

ಹಳೇ ಸಂಡೇಸ್ಕೂಲ್ ಮಾಸ್ತರ

ತಂಗೀ, ನಾನು ಧಾರವಾಡದ ಕಡೆಯವ. ನಿವೃತ್ತ ಮಾಸ್ತರ, ವರ್ಷಾನುಗಟ್ಟಲೆ ಸಂಡೇಸ್ಕೂಲಿನಲ್ಲಿ ಇದೇ ಕಥೆ ಕಲಿಸಿದವ. ಇಷ್ಮಾಯೇಲನ ಮಾತು ಹೇಳಿದ ಹಿರಿಯರ ಮೇಲೆ ಸಿಟ್ಟಾಗಬೇಡ. ಆದರೆ ಆದಿಕಾಂಡ 15ರಿಂದ 17ರವರೆಗೆ ಒಂದೇ ಸಲ ಕೂತು ಓದು. ನಿಧಾನವಾಗಿ.

ಅಬ್ರಾಮ (ಅಬ್ರಹಾಮನ ಮೊದಲಿನ ಹೆಸರು) ದೇವರ ಮಾತು ಕೇಳಿ ಊರು ಬಿಟ್ಟು ಹೊರಟಾಗ 75 ವರ್ಷ. 15ನೇ ಅಧ್ಯಾಯದಲ್ಲಿ ದೇವರು ಹೇಳುವುದು, ನಿನ್ನಿಂದಲೇ ಹುಟ್ಟುವವನು ನಿನಗೆ ಬಾಧ್ಯನಾಗುತ್ತಾನೆ ಅಂತ. ತಾಯಿ ಯಾರು ಅಂತ ಅಲ್ಲಿ ಇಲ್ಲ! ಸಾರಳ ಹೆಸರು ಹಿಡಿದು, ಅವಳಲ್ಲೇ ಮಗ ಹುಟ್ಟುತ್ತಾನೆ ಅಂತ ದೇವರು ಹೇಳುವುದು 17ನೇ ಅಧ್ಯಾಯದಲ್ಲಿ. ಆಗ ಅಬ್ರಹಾಮನಿಗೆ 99. ಇಷ್ಮಾಯೇಲ ಹುಟ್ಟಿದಾಗ ಅವನಿಗೆ 86. ಅಂದರೆ ಹಾಗರಳನ್ನು ಗಂಡನಿಗೆ ಕೊಟ್ಟ ದಿನ ಸಾರಳಿಗೆ ಗೊತ್ತಿದ್ದದ್ದು ಇಷ್ಟೇ: ಗಂಡನಿಗೆ ಮಗನಾಗುತ್ತಾನೆ. ನನ್ನಿಂದಲೋ ಇಲ್ಲವೋ, ಗೊತ್ತಿಲ್ಲ. ಕಾನಾನಿಗೆ ಬಂದು ಹತ್ತು ವರ್ಷ ಕಳೆದಿತ್ತು. ಆ ಹೆಂಗಸನ್ನು "ಅವಸರಗೇಡಿ" ಅನ್ನಲು ನನಗಂತೂ ನಾಲಿಗೆ ಏಳುವುದಿಲ್ಲ.

ಹಾಗಾದರೆ ತಪ್ಪು ಎಲ್ಲಿ? ಆ ಮನೆಯಲ್ಲಿ ಒಬ್ಬ ದಾಸಿಯಿದ್ದಳು. ಐಗುಪ್ತದವಳು, ಅಂದರೆ ಈಜಿಪ್ಟಿನವಳು. ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಬಸುರಿಯಾದ ಮೇಲೆ ಹಿಂಸೆ ಕೊಟ್ಟರು, ಓಡಿಹೋದಳು. ಮುಂದೆ 21ನೇ ಅಧ್ಯಾಯದಲ್ಲಿ ರೊಟ್ಟಿ, ಒಂದು ತಿತ್ತಿ ನೀರು ಕೊಟ್ಟು ಮಗನ ಸಮೇತ ಹೊರಗೆ ಕಳಿಸಿದರು. ಅನ್ಯಾಯ ಇರುವುದು ಅಲ್ಲಿ. ದೇವದೂತ ಶೂರಿನ ದಾರಿಯ ಬುಗ್ಗೆಯ ಹತ್ತಿರ ಹುಡುಕಿಕೊಂಡು ಹೋದದ್ದು ಯಾರನ್ನು? ಹಾಗರಳನ್ನು. ನನ್ನನ್ನು ನೋಡುವ ದೇವರು ಅಂತ ದೇವರಿಗೆ ಹೆಸರಿಟ್ಟವಳೂ ಅವಳೇ.

ನೀವು ಗಂಡ ಹೆಂಡತಿ ಡಾಕ್ಟರ ಹತ್ತಿರ ಹೋದರೆ ಯಾರ ಮನೆಯ ಹಾಗರ ಅಳುತ್ತಾಳೆ ಹೇಳು?

ಮತ್ತೆ "ಇಷ್ಮಾಯೇಲ" ಅಂದರೆ ಬೈಗುಳ ಅಲ್ಲ. ಆ ಹುಡುಗ ನೀರಿಲ್ಲದೆ ಅತ್ತಾಗ ದೇವರು ಅವನ ದನಿ ಕೇಳಿದ ಅಂತಲೇ ಬರೆದಿದೆ. ಅಬ್ರಹಾಮ ಸತ್ತಾಗ ಮಕ್ಪೇಲದ ಗವಿಯಲ್ಲಿ ಮಣ್ಣು ಮಾಡಿದವರು ಇಬ್ಬರು, ಇಸಾಕ ಮತ್ತು ಇಷ್ಮಾಯೇಲ. ಅದನ್ನೂ ಕೂಟದಲ್ಲಿ ಓದಿಸು.

ವಚನಕ್ಕೆ ನಿಲ್ಲುವವ

ಮಾಸ್ತರೇ, ಗೌರವದಿಂದಲೇ ಕೇಳುತ್ತೇನೆ. ಗಲಾತ್ಯದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಪೌಲನೇ ಹೇಳುತ್ತಾನಲ್ಲ, ದಾಸಿಯ ಮಗ ಶರೀರಭಾವದಿಂದ ಹುಟ್ಟಿದವನು, ಸ್ವತಂತ್ರಳ ಮಗ ವಾಗ್ದಾನದಿಂದ ಹುಟ್ಟಿದವನು ಅಂತ. ಹಿರಿಯರು ಅದನ್ನೇ ಹೇಳಿರಬೇಕು. ನಮ್ಮ ಕೈಯಿಂದ ಮಾಡಿಕೊಳ್ಳಲು ಹೋದರೆ ಅದು ಶರೀರದ ಕೆಲಸ.

ಹಳೇ ಸಂಡೇಸ್ಕೂಲ್ ಮಾಸ್ತರ

ಕೇಳಿದ್ದು ಒಳ್ಳೆಯದಾಯಿತು. ಪೌಲನ ಆ ಪತ್ರ ಯಾರಿಗೆ? ಸುನ್ನತಿ ಮಾಡಿಸಿಕೊಂಡರೇ ರಕ್ಷಣೆ ಅಂತ ಹೊರಟವರ ಮಾತು ನಂಬಿದ ಸಭೆಗೆ. ಇದು ದೃಷ್ಟಾಂತ ಅಂತ ಅವನೇ ಹೇಳುತ್ತಾನೆ. ಎರಡು ಒಡಂಬಡಿಕೆಗಳ ವಿಷಯ ಅದು. ಬಂಜೆತನಕ್ಕೆ ಮದ್ದು ತೆಗೆದುಕೊಳ್ಳಬಹುದೋ ಬಾರದೋ ಅನ್ನುವುದಕ್ಕೆ ಅಲ್ಲಿ ಉತ್ತರ ಹುಡುಕಿದರೆ ಪೌಲನಿಗೇ ಆಶ್ಚರ್ಯವಾದೀತು.

ಮದ್ದಿನ ವಿಷಯಕ್ಕೆ ಬೇರೆ ಕಥೆ ಇದೆ. ಎರಡನೇ ಅರಸುಗಳು 20. ಅರಸ ಹಿಜ್ಕೀಯ ಸಾಯುವ ಹಾಗಿದ್ದ, ಅತ್ತು ಪ್ರಾರ್ಥಿಸಿದ. ಮೂರನೇ ದಿನ ನೀನು ದೇವಾಲಯಕ್ಕೆ ಹೋಗುತ್ತೀ, ನಿನಗೆ ಇನ್ನೂ 15 ವರ್ಷ ಆಯುಷ್ಯ ಅಂತ ದೇವರ ಮಾತು ಬಂತು. ಮಾತು ಬಂದ ಮೇಲೆ ಪ್ರವಾದಿ ಯೆಶಾಯ ಏನು ಮಾಡಿದ? ಅಂಜೂರದ ಉಂಡೆ ತರಿಸಿ ಹುಣ್ಣಿನ ಮೇಲೆ ಕಟ್ಟಿಸಿದ. ವಾಗ್ದಾನವೂ ಇತ್ತು, ಪಟ್ಟಿಯೂ ಇತ್ತು. ಒಂದಕ್ಕೊಂದು ಅಡ್ಡಬರಲಿಲ್ಲ.

ಮಂಡಿ ಮೊಹಲ್ಲಾ

ಮೈಸೂರಿನವನು. ಒಂದು ಮಾತು ಸೇರಿಸುತ್ತೇನೆ. ನಮ್ಮೂರಿನ ಮಿಷನ್ ಆಸ್ಪತ್ರೆ 1906ರಲ್ಲಿ ಶುರುವಾದದ್ದೇ ಹೆಂಗಸರಿಗೆ, ಮಕ್ಕಳಿಗೆ ಅಂತ. ಉಡುಪಿಯ ಲೊಂಬಾರ್ಡ್ ಆಸ್ಪತ್ರೆ 1923ರಲ್ಲಿ ಶುರು ಮಾಡಿದ್ದು ಬಾಸೆಲ್ ಮಿಷನ್ನಿನ ಒಬ್ಬ ಹೆಣ್ಣು ಡಾಕ್ಟರು. ಬೆಂಗಳೂರಿನ ಸೇಂಟ್ ಮಾರ್ಥಾಸ್ 1886ರಿಂದ ಇದೆ, ಅದನ್ನು ಕಟ್ಟಿದವರು ಕನ್ಯಾಸ್ತ್ರೀಯರು. ಊರಿಗೆಲ್ಲ ಹೆರಿಗೆ ಮಾಡಿಸಿದ ಸಭೆಯ ಮಕ್ಕಳು ನಾವು. ನಮ್ಮ ಕೂಟದಲ್ಲೇ ಕೂತು ಆಸ್ಪತ್ರೆಗೆ ಹೋಗುವುದು ಅವಿಶ್ವಾಸ ಅಂದರೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

ಬಂದರಿನ ಬಾಯಿ

ಮಂಗಳೂರಿನ ಕಥೋಲಿಕಳು, ಬೇರೆ ಸಭೆಯವಳ ಮಾತು ಅಂತ ಪಕ್ಕಕ್ಕಿಡಬೇಡಿ. ನಮ್ಮಲ್ಲಿ ಇದಕ್ಕೆ ಲಿಖಿತ ಬೋಧನೆಯೇ ಇದೆ. 1987ರಲ್ಲಿ ವ್ಯಾಟಿಕನ್ ಸ್ಪಷ್ಟವಾಗಿ ಹೇಳಿತು: ದಂಪತಿಯ ಕೂಡುವಿಕೆಗೆ ನೆರವಾಗುವ ಚಿಕಿತ್ಸೆ ಸರಿ, ಅದರ ಜಾಗವನ್ನೇ ತೆಗೆದುಕೊಳ್ಳುವುದು ಸರಿಯಲ್ಲ. ಹಾಗಾಗಿ ಹಾರ್ಮೋನ್ ಮಾತ್ರೆ, ಮುಚ್ಚಿದ ಟ್ಯೂಬಿಗೆ ಆಪರೇಷನ್, ಇವೆಲ್ಲ ನಡೆಯುತ್ತದೆ. ಐವಿಎಫ್ ಇಲ್ಲ. ಉಳಿಯುವ ಭ್ರೂಣಗಳ ಗತಿ ಏನು ಅನ್ನುವ ಪ್ರಶ್ನೆಯೂ ಅದರಲ್ಲಿದೆ. ಅದು ನಿಜವಾದ ಪ್ರಶ್ನೆ, ನೀವು ಕಥೋಲಿಕರಲ್ಲದಿದ್ದರೂ ಕೇಳಿಕೊಳ್ಳಬೇಕಾದದ್ದು. ಎಷ್ಟು ಭ್ರೂಣ ಮಾಡುತ್ತಾರೆ, ಉಳಿದದ್ದನ್ನು ಏನು ಮಾಡುತ್ತಾರೆ ಅಂತ ಮೊದಲೇ ಡಾಕ್ಟರ ಹತ್ತಿರ ಮಾತಾಡಿ.

ನೋಡಿ, ಇದು ವಾದ ಮಾಡಬಹುದಾದ ಕಾರಣ. ಒಪ್ಪಬಹುದು, ಬಿಡಬಹುದು. "ಅವಸರಪಟ್ಟೆ" ಅನ್ನುವುದು ಕಾರಣವೇ ಅಲ್ಲ.

ನಾವು ಮದ್ದು ಮಾಡಿಸಿದೆವು, ಆಪರೇಷನ್ನೂ ಆಯಿತು, ಆಗಲಿಲ್ಲ. ಐವಿಎಫ್‌ಗೆ ಹೋಗಲಿಲ್ಲ. ದತ್ತು ತೆಗೆದುಕೊಂಡೆವು. ಮಗಳಿಗೆ ಈಗ ಸ್ಕೂಲು. ಬೆಳಿಗ್ಗೆ ಜಡೆ ಹಾಕುವಾಗ ದಿನಾ ಜಗಳ, ಬಲಗಡೆ ಜಡೆ ಎಡಗಡೆಗಿಂತ ಮೇಲೆ ಹೋಯಿತು ಅಂತ ಬಿಚ್ಚಿ ಮತ್ತೆ ಹಾಕಿಸುತ್ತಾಳೆ, ಹೊರಗೆ ವ್ಯಾನ್ ಹಾರ್ನ್ ಹೊಡೆಯುತ್ತಿರುತ್ತದೆ.

ಅನುಮಾನದವ

ನಂಬಿಕೆ ಪೂರ್ತಿ ಹೋಗಿಲ್ಲ, ಇದ್ದಷ್ಟು ಇದೆ. ಅದಕ್ಕೇ ನೇರವಾಗಿ ಕೇಳುತ್ತೇನೆ. ಬೇಡಿದ್ದು ಆದರೆ, ದೇವರ ಸಮಯ ಬಂತು. ಆಗದಿದ್ದರೆ ಇನ್ನೂ ಬಂದಿಲ್ಲ. ಸತ್ತೇ ಹೋದರೆ ದೇವರ ಉದ್ದೇಶ ಬೇರೆ ಇತ್ತು. ಹೀಗೆ ಯಾವುದಕ್ಕೂ ಸಲ್ಲುವ ಮಾತಿಗೆ ಅರ್ಥ ಏನು? ನಮ್ಮಪ್ಪನ ಪಿಂಚಣಿ ಕಾಗದ ಒಂದು ಕಚೇರಿಯಲ್ಲಿ ವರ್ಷಗಟ್ಟಲೆ ಕೊಳೆಯಿತು. ಅದಕ್ಕೂ ಸಭೆಯಲ್ಲಿ ದೇವರ ಸಮಯ ಅಂದರು. ಅದು ಗುಮಾಸ್ತನ ಸಮಯ, ಅಲ್ವಾ?

ಕೋಲಾರದವ

ಬ್ರದರ್, ಹೀಗೆಲ್ಲ ಬರೆದರೆ ನೊಂದಿರುವ ಸಿಸ್ಟರ್ ಮನಸ್ಸು ಇನ್ನೂ ಕುಗ್ಗುತ್ತೆ.

ಹಾಸನದ ಸೊಸೆ

ಕುಗ್ಗಲ್ಲ ಬ್ರದರ್. ನಾನೂ ಅದನ್ನೇ ಕೇಳಬೇಕು ಅಂತಿದ್ದೆ, ಧೈರ್ಯ ಇರಲಿಲ್ಲ.

ಪುಸ್ತಕದ ಹುಳ

ಅನುಮಾನದವರೇ, ನಿಮ್ಮ ಪ್ರಶ್ನೆಗೆ ಯೋಸೇಫನ ಕಥೆಯಲ್ಲಿ ಉತ್ತರ ಇದೆ ಅಂತ ನನಗನ್ನಿಸುತ್ತದೆ. ಅಣ್ಣಂದಿರು ಗುಂಡಿಗೆ ತಳ್ಳಿ, ಆಮೇಲೆ ಮಾರಿದಾಗ ಅವನಿಗೆ ಸುಮಾರು 17 ವರ್ಷ. ಐಗುಪ್ತದ ಅರಸ ಫರೋಹನ ಮುಂದೆ ನಿಂತಾಗ 30. ಮಧ್ಯೆ ಒಂದು ಕಡೆಯೂ ದೇವರು ಅವನಿಗೆ, ತಡಿ, ನನ್ನ ಸಮಯ ಬರುತ್ತದೆ ಅಂತ ಹೇಳಿದ್ದಿಲ್ಲ. ಕರ್ತನು ಅವನ ಸಂಗಡ ಇದ್ದನು ಅಂತ ಬರೆದಿದೆ, ಆದರೆ ಅದು ನಮಗೆ, ಓದುವವರಿಗೆ. ಅವನು ಸೆರೆಮನೆಯಲ್ಲೇ ಇದ್ದ.

ಅಲ್ಲಿ ಸುಮ್ನೆ ಕೂತನಾ? ಜೊತೆಯಲ್ಲಿ ಸೆರೆಯಲ್ಲಿದ್ದ ಪಾನದಾಯಕ (ಅರಸನಿಗೆ ಪಾನ ಕೊಡುವವನು) ಬಿಡುಗಡೆಯಾಗಿ ಹೊರಟಾಗ, ನನ್ನ ವಿಷಯ ಫರೋಹನಿಗೆ ಹೇಳು, ನಾನು ಏನೂ ತಪ್ಪು ಮಾಡಿಲ್ಲ ಅಂತ ಕೇಳಿಕೊಂಡ. ಶಿಫಾರಸು! ಆ ಮನುಷ್ಯ ಮರೆತುಬಿಟ್ಟ. ಪೂರಾ ಎರಡು ವರ್ಷ ಹೋಯಿತು. ಅರ್ಜಿ ಹಾಕಿದ್ದು ಅವಿಶ್ವಾಸ ಅಂತ ಬೈಬಲ್ ಎಲ್ಲೂ ಹೇಳುವುದಿಲ್ಲ. ನಿಮ್ಮ ತಂದೆಯ ಕಾಗದಕ್ಕೂ ಅರ್ಜಿ, ಜ್ಞಾಪನ ಪತ್ರ, ಬೇಕಿದ್ದರೆ ಕೋರ್ಟು. ಗುಮಾಸ್ತನ ಸೋಮಾರಿತನವನ್ನು ದೇವರ ಲೆಕ್ಕಕ್ಕೆ ಬರೆಯುವುದು ದೇವರಿಗೇ ಅವಮಾನ.

ಇನ್ನು ನನಗೆ ಮುಖ್ಯ ಅನ್ನಿಸುವುದು. "ನೀವು ನನಗೆ ಕೇಡು ಬಗೆದಿರಿ, ದೇವರು ಅದನ್ನು ಒಳ್ಳೆಯದಕ್ಕೆ ತಿರುಗಿಸಿದ" ಅನ್ನುವ ಅರ್ಥದ ಮಾತು ಆದಿಕಾಂಡ 50ರಲ್ಲಿದೆ. ಅದನ್ನು ಹೇಳಿದವನು ಯಾರು? ಗುಂಡಿಗೆ ಬಿದ್ದವನು. ಗುಂಡಿಗೆ ತಳ್ಳಿದವರು ಹೇಳಲಿಲ್ಲ. ಪಾನದಾಯಕ ಬಂದು, ನಾನು ಮರೆತದ್ದು ದೇವರ ಸಮಯಕ್ಕೇ ಕಣಪ್ಪ ಅನ್ನಲಿಲ್ಲ. ಹೇಳಿದ್ದೂ ಯಾವಾಗ? ಬರ ಕಳೆದು, ಅಪ್ಪನ ಮಣ್ಣಾದ ಮೇಲೆ, ಹಿಂತಿರುಗಿ ನೋಡಿ. ನಡುವಿನಲ್ಲಿ ಅವನಿಗೂ ಗೊತ್ತಿರಲಿಲ್ಲ.

ಹಾಗಾಗಿ ದೇವರ ಸಮಯ ಅನ್ನುವ ಮಾತು ಸುಳ್ಳು ಅಂತ ನಾನು ಹೇಳುವುದಿಲ್ಲ. ಅದನ್ನು ಹೇಳುವ ಹಕ್ಕು ಕಾದವರದು. ಅವರು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳಲಿ. ನಾವು ಅವರ ಬೆನ್ನಿಗೆ ಅಂಟಿಸುವುದಲ್ಲ.

ಕೋಲಾರದ ಬ್ರದರ್, ನಿಮ್ಮ ಫ್ರೇಮಿನ ವಚನದ ಬಗ್ಗೆಯೂ ಒಂದು ಮಾತು. ಬೇಡ ಅನ್ನುತ್ತಿಲ್ಲ, ನಮ್ಮ ಮನೆಯಲ್ಲೂ ಇದೆ. ಹೊಸ ವರ್ಷದ ಹಿಂದಿನ ರಾತ್ರಿಯ ವಾಚ್‌ನೈಟ್ ಆರಾಧನೆಯಲ್ಲಿ ತಟ್ಟೆಯಿಂದ ವಚನದ ಚೀಟಿ ಎತ್ತಿದಾಗ ನನಗೂ ಬಂದಿತ್ತು. ಅದು ಬಾಬೆಲಿಗೆ ಸೆರೆ ಹೋದ ಯೆಹೂದ್ಯರಿಗೆ ಯೆರೆಮೀಯ ಬರೆದ ಪತ್ರ. ಅದರ ಹಿಂದಿನ ವಚನ, 29:10 ಓದಿ. ಬಾಬೆಲಿನಲ್ಲಿ 70 ವರ್ಷ ಕಳೆದ ಮೇಲೆ ನಿಮ್ಮನ್ನು ಕಟಾಕ್ಷಿಸುತ್ತೇನೆ ಅಂತಿದೆ. ಎಪ್ಪತ್ತು! ಆ ಪತ್ರ ಕೈಗೆ ತೆಗೆದುಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಊರು ನೋಡದೇ ಸಾಯುವವರು. ಅವರಿಗೆ ಯೆರೆಮೀಯ ಏನು ಮಾಡಿ ಅಂತ ಬರೆಯುತ್ತಾನೆ? ಮನೆ ಕಟ್ಟಿ, ತೋಟ ಮಾಡಿ, ಅದರ ಫಲ ತಿನ್ನಿ, ಮದುವೆ ಮಾಡಿಕೊಳ್ಳಿ, ಇರುವ ಪಟ್ಟಣದ ಕ್ಷೇಮಕ್ಕೆ ಪ್ರಾರ್ಥಿಸಿ. ಗಂಟುಮೂಟೆ ಕಟ್ಟಿ ಬಾಗಿಲಲ್ಲಿ ಕೂತಿರಿ ಅನ್ನಲಿಲ್ಲ.

ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಅಂತ ಒಬ್ಬ ಪ್ರವಾದಿ ಬರುತ್ತಾನೆ. ಜನರ ಮುಂದೆ, ದೇವಾಲಯದಲ್ಲೇ, ಇನ್ನು ಎರಡೇ ವರ್ಷ, ಎಲ್ಲರೂ ವಾಪಸು ಬರುತ್ತಾರೆ ಅನ್ನುತ್ತಾನೆ. ಯೆರೆಮೀಯನ ಹೆಗಲ ಮೇಲಿನ ನೊಗ ಕಿತ್ತು ಮುರಿದೂ ಹಾಕುತ್ತಾನೆ. ಯೆರೆಮೀಯ ಮೊದಲು ಏನಂದ ಗೊತ್ತಾ? ಆಮೆನ್, ಕರ್ತನು ಹಾಗೇ ಮಾಡಲಿ ಅಂದ. ಅವನಿಗೂ ಆಸೆಯಿತ್ತು. ಆದರೆ ದೇವರ ಮಾತು ಅದಾಗಿರಲಿಲ್ಲ, ನೀನು ಈ ಜನರನ್ನು ಸುಳ್ಳಿಗೆ ನಂಬಿಸಿದೆ ಅಂತ ಆಮೇಲೆ ಹನನ್ಯನಿಗೆ ಮುಖಕ್ಕೇ ಹೇಳಿದ. ಮೈಕಿನಲ್ಲಿ ಕ್ರಿಸ್‌ಮಸ್ ತಾರೀಕು ಕೊಟ್ಟು ಹೋದವರು ಈ ಅಧ್ಯಾಯ ಓದಬೇಕು.

ಇನ್ನೂ ಒಂದು. ಈ ವಾಗ್ದಾನ ಬರೆದ ಯೆರೆಮೀಯನಿಗೆ ಹೆಂಡತಿ, ಮಕ್ಕಳು ಬೇಡ ಅಂತ ದೇವರೇ ಹೇಳಿದ್ದ. 16ನೇ ಅಧ್ಯಾಯ. ನಿರೀಕ್ಷೆಯ ಬಗ್ಗೆ ಅಷ್ಟು ಚೆಂದದ ಮಾತು ಬರೆದ ಕೈ ಒಂದು ಕೂಸನ್ನೂ ಎತ್ತಲಿಲ್ಲ.

ಕೋಲಾರದವ

ಇಷ್ಟು ದಿನ 11 ಮಾತ್ರ ಓದಿದ್ದೆ. 10 ಈಗ ಓದಿದೆ. ಸಂಜೆ ಕುಟುಂಬ ಪ್ರಾರ್ಥನೆಯಲ್ಲಿ ಪೂರ್ತಿ ಓದಿಸುತ್ತೇನೆ. ಫ್ರೇಮ್ ತೆಗೆಯುವುದಿಲ್ಲ ಸಾರ್!

ನಿರ್ವಾಹಕ

ಮಧ್ಯೆ ಬರುತ್ತಿರುವುದಕ್ಕೆ ಕ್ಷಮಿಸಿ. ಸಂತಾನ ಪ್ರಾಪ್ತಿಗೆ ವಿಶೇಷ ಅಭಿಷೇಕದ ಎಣ್ಣೆ, ಕೊರಿಯರ್ ಮೂಲಕ, ಅಂತ ಫೋನ್ ನಂಬರ್ ಹಾಕಿದ್ದ ಎರಡು ಪೋಸ್ಟ್ ತೆಗೆದಿದ್ದೇನೆ. ಇಂಥದ್ದಕ್ಕೆ ಇಲ್ಲಿ ಜಾಗ ಇಲ್ಲ. ಯಾರಿಗಾದರೂ ಇನ್‌ಬಾಕ್ಸಿನಲ್ಲಿ ಬಂದರೆ ತಿಳಿಸಿ.

ಗಿರಿ ತಪ್ಪಲಿನ ಆಂಟಿ

ಚಿಕ್ಕಮಗಳೂರಿನವಳು. ನನಗೆ 60 ದಾಟಿದೆ. ಮಕ್ಕಳಾಗಲಿಲ್ಲ. ದತ್ತೂ ಇಲ್ಲ, ಆಗ ನಮಗೆ ಆ ದಾರಿ ಸರಿಯಾಗಿ ಇರಲಿಲ್ಲ. ಯಜಮಾನರು ಹೋಗಿ ಕೆಲವು ವರ್ಷವಾಯಿತು.

ಇಲ್ಲಿ ಎಲ್ಲರೂ ಕಾದು ಪಡೆದವರ ಕಥೆ ಹೇಳುತ್ತಿದ್ದೀರಿ. ಸಾರ, ಹನ್ನ, ಎಲಿಸಬೇತ. ಸಾಕ್ಷಿ ಹೇಳುವ ಹೊತ್ತಿನಲ್ಲಿ ಸಭೆಯಲ್ಲೂ ಅಷ್ಟೇ. ಸಿಕ್ಕವರು ಮುಂದೆ ಬರುತ್ತಾರೆ. ಸಿಗದೇ ಆರಾಧನೆಗೆ ಬರುತ್ತಲೇ ಇರುವವರನ್ನು ಯಾರೂ ಮೈಕ್ ಹತ್ತಿರ ಕರೆಯುವುದಿಲ್ಲ. ಏನು ಹೇಳಿಸಬೇಕು ಅಂತ ಅವರಿಗೂ ಗೊತ್ತಾಗುವುದಿಲ್ಲ ಪಾಪ.

ತಾಯಂದಿರ ದಿನ ಯುವಕರು ಬುಟ್ಟಿಯಲ್ಲಿ ಗುಲಾಬಿ ಹಿಡಿದು ಬೆಂಚಿಂದ ಬೆಂಚಿಗೆ ಬರುತ್ತಾರೆ. ಒಂದು ಸಲ ಒಬ್ಬ ಹುಡುಗ ನನ್ನ ಮುಂದೆ ಹೂವು ಚಾಚಿದ. ಹಿಂದಿನಿಂದ ಯಾರೋ ಅವನ ಕಿವಿಯಲ್ಲಿ ಏನೋ ಅಂದರು. ಕೈ ಹಿಂದೆ ಎಳೆದುಕೊಂಡ. ನನ್ನ ಕೈ ಅರ್ಧ ಮುಂದೆ ಹೋಗಿತ್ತು. ಸೆರಗು ಸರಿಮಾಡಿಕೊಂಡ ಹಾಗೆ ಮಾಡಿದೆ. ಆ ಹುಡುಗನ ತಪ್ಪೇನಿಲ್ಲ, ಹದಿನೈದು ಹದಿನಾರರ ಮಗು.

ತಂಗೀ, ಪರೀಕ್ಷೆ ಮಾಡಿಸು. ನಾನೂ ಮಾಡಿಸಿಕೊಳ್ಳಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ, ಆದರೆ ನಮ್ಮ ಕಾಲಕ್ಕೆ ಇಷ್ಟೆಲ್ಲ ಇರಲಿಲ್ಲ. ಆದರೂ ಒಂದು ಮಾತು ಕೇಳು. ಆಸ್ಪತ್ರೆಗೆ ಹೋದ ಮೇಲೂ ಆಗದೇ ಇರಬಹುದು. ಆಗ ಯಾರಾದರೂ ನಿನ್ನ ನಂಬಿಕೆ ಸಾಲಲಿಲ್ಲ ಅಂತಾರೆ. ಅದಕ್ಕೆ ಈಗಲೇ ತಯಾರಾಗು. ಇಬ್ರಿಯರಿಗೆ 11ನೇ ಅಧ್ಯಾಯ, ನಂಬಿಕೆಯ ದೊಡ್ಡ ಪಟ್ಟಿ ಅದು. ಕೊನೆಗೆ ಬರುವ ಮಾತು ನೋಡು. ಇವರೆಲ್ಲರೂ ನಂಬಿಕೆಯಿಂದ ಒಳ್ಳೇ ಸಾಕ್ಷಿ ಪಡೆದರೂ ವಾಗ್ದಾನದ ಫಲವನ್ನು ಹೊಂದಲಿಲ್ಲ ಅಂತಲೇ ಇದೆ. ಪೌಲ ತನ್ನ ಮೈಯಲ್ಲಿ ಮುಳ್ಳಿನಂತಿದ್ದ ಬಾಧೆ ತೆಗೆ ಅಂತ ದೇವರನ್ನು ಮೂರು ಸಲ ಬೇಡಿಕೊಂಡ, ತೆಗೆಯಲಿಲ್ಲ. ಕೃಪೆ ಸಾಕು ಅಂದರು. ಸಾಕಾಯಿತಾ ಅಂದರೆ, ಹೌದು, ಸಾಕಾಗುತ್ತದೆ. ಎಲ್ಲ ದಿನವೂ ಅಲ್ಲ. ಡಿಸೆಂಬರಿನಲ್ಲಿ ಸಾಲುವುದಿಲ್ಲ.

ನಾನು ದೇವರ ಹತ್ತಿರ ಜಗಳ ಆಡಿದ್ದೇನೆ. ಗಟ್ಟಿಯಾಗಿಯೇ. ಮಾರ್ಥ, ಮರಿಯರ ತಮ್ಮ ಲಾಜರ ಕಾಯಿಲೆ ಬಿದ್ದ ಸುದ್ದಿ ಕೇಳಿಯೂ ಯೇಸು ಇದ್ದಲ್ಲೇ ಎರಡು ದಿನ ಉಳಿದ. ಬರುವ ಹೊತ್ತಿಗೆ ಸಮಾಧಿಗೆ ಇಟ್ಟು ನಾಲ್ಕು ದಿನ. ಮಾರ್ಥ ಮುಂದೆ ಹೋಗಿ, ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅಂದಳು. ಮರಿಯಳೂ ಅದನ್ನೇ ಅಂದಳು. ಯೇಸು ಬೈದನಾ? ಇಲ್ಲ. ನನ್ನ ಸಮಯ ನನಗೆ ಗೊತ್ತು, ಸುಮ್ಮನಿರಿ ಅಂದನಾ? ಅದೂ ಇಲ್ಲ. ಲಾಜರನನ್ನು ಬದುಕಿಸಿ ಎಬ್ಬಿಸುತ್ತೇನೆ ಅಂತ ಅವನಿಗೆ ಗೊತ್ತಿತ್ತು, ಆದರೂ ಅವರ ಜೊತೆ ಅತ್ತ. ನಮ್ಮ ಕೂಟದ ಹಿರಿಯರಿಗೆ ಕಲಿಯಲು ಇಷ್ಟು ಸಾಕು ಅನ್ನಿಸುತ್ತದೆ.

ವಚನಕ್ಕೆ ನಿಲ್ಲುವವ

ಆಂಟಿ, ಎರಡು ಸಲ ಓದಿದೆ. ನಾನು ಹೇಳಿದ್ದರಲ್ಲಿ ಇನ್ನೂ ಸ್ವಲ್ಪ ನಿಲುವು ಇದೆ, ಎಲ್ಲವನ್ನೂ ಮಾಡಿ ನೋಡಿಯೇ ತೀರಬೇಕು ಅನ್ನುವ ಹಠವೂ ಒಳ್ಳೆಯದಲ್ಲ ಅಂತ. ಸಾಲ ಮಾಡಿ, ಹೊಲ ಮಾರಿ, ಒಂದಾದ ಮೇಲೊಂದು ಕಡೆ ಅಲೆದವರನ್ನು ನೋಡಿದ್ದೇನೆ. ಆದರೆ ಅದನ್ನು ಟೀ ಕೂಟದಲ್ಲಿ ಎಲ್ಲರ ಮುಂದೆ ಹೇಳಬೇಕಾಗಿರಲಿಲ್ಲ. ಅದನ್ನು ಒಪ್ಪುತ್ತೇನೆ.

ರಾತ್ರಿಪಾಳಿ

ಅಣ್ಣ ಹೇಳಿದ್ದು ಸರಿ. ಎಲ್ಲಿ ನಿಲ್ಲಿಸಬೇಕು ಅಂತ ಹೋಗುವ ಮುಂಚೆಯೇ ಗಂಡ ಹೆಂಡತಿ ಮಾತಾಡಿಕೊಳ್ಳಿ. ಎಷ್ಟು ಹಣ, ಎಷ್ಟು ಸಲ. ಒಳಗೆ ಹೋದ ಮೇಲೆ ನಿರ್ಧರಿಸುವುದು ತುಂಬಾ ಕಷ್ಟ. ಐವಿಎಫ್ ಮಾಡುವ ಕಡೆ 2021ರ ಕಾಯ್ದೆಯ ಪ್ರಕಾರ ನೋಂದಣಿ ಇರಲೇಬೇಕು, ಮೊದಲು ಅದನ್ನು ಕೇಳಿ. ನೂರಕ್ಕೆ ನೂರು ಗ್ಯಾರಂಟಿ ಅಂತ ಬೋರ್ಡು ಹಾಕಿದವರ ಮೆಟ್ಟಿಲು ಹತ್ತಬೇಡಿ. ಅವರೂ ಒಂಥರಾ ಹನನ್ಯನೇ!

ಹಾಸನದ ಸೊಸೆ

ಎಲ್ಲರ ಉತ್ತರ ಯಜಮಾನರಿಗೆ ಓದಿ ಹೇಳಿದೆ. ಪೂರ್ತಿ ಅಲ್ಲ, ರಾತ್ರಿಪಾಳಿ ಸಿಸ್ಟರದ್ದು ಮೊದಲು ಅವರೇ ಓದಲಿ ಅಂತ ಫೋನ್ ಕೊಟ್ಟೆ. ತುಂಬಾ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ನನಗೆ ಭಯ ಇತ್ತು, ಅದಕ್ಕೇ ಇನ್ನೊಂದು ವರ್ಷ ಅಂದೆ" ಅಂದರು. ದೇವರ ಹೆಸರು ಹೇಳಿದ್ದು, ಒಳಗೆ ಇದ್ದದ್ದು ಭಯ. ಗುರುವಾರ ಇಲ್ಲಿನ ಲ್ಯಾಬಿಗೇ ಮೊದಲು ಅವರು ಹೋಗುತ್ತಾರೆ. ಆಮೇಲೆ ಮೈಸೂರೋ ಬೆಂಗಳೂರೋ ನೋಡುತ್ತೇವೆ.

ಬುಧವಾರ ಕೂಟಕ್ಕೆ ಹೋಗುತ್ತೇನೆ, ಬಿಡುವುದಿಲ್ಲ. ಇಷ್ಮಾಯೇಲನ ಮಾತು ಮತ್ತೆ ಬಂದರೆ ಮಾಸ್ತರು ಹೇಳಿದ 15, 16, 17 ಓದೋಣ ಅನ್ನುತ್ತೇನೆ. ನಾನೇ ಓದುತ್ತೇನೆ, ನನ್ನ ಓದು ಗಟ್ಟಿ.

ಆಂಟಿ, ನಿಮಗೆ ಏನು ಬರೆಯಬೇಕು ಅಂತ ಗೊತ್ತಾಗುತ್ತಿಲ್ಲ. ಚಿಕ್ಕಮಗಳೂರು ಇಲ್ಲಿಂದ ದೂರ ಅಲ್ಲ. ಬರಬಹುದಾ?

ಬಂದರಿನ ಬಾಯಿ ಅಕ್ಕಾ, ದತ್ತಿನ ವಿಷಯ ನಮ್ಮತ್ತೆ ಕೇಳುತ್ತಿದ್ದಾರೆ. ಕ್ರೈಸ್ತರಿಗೆ ಕಾನೂನಿನಲ್ಲಿ ದತ್ತು ಇಲ್ಲ ಅಂತ ಅವರು ಕೇಳಿದ್ದಾರಂತೆ. ನಿಜವಾ?

ಗಿರಿ ತಪ್ಪಲಿನ ಆಂಟಿ

ಬಾ. ಭಾನುವಾರ ಮಧ್ಯಾಹ್ನದ ಊಟಕ್ಕೇ ಬನ್ನಿ, ಇಬ್ಬರೂ. ಅತ್ತೆಯನ್ನೂ ಕರೆದುಕೊಂಡು ಬಾ. ವಿಳಾಸ ಇನ್‌ಬಾಕ್ಸಿಗೆ ಹಾಕುತ್ತೇನೆ.

ಬಂದರಿನ ಬಾಯಿ

ಅತ್ತೆ ಕೇಳಿದ್ದು ಹಳೇ ಕಾಲಕ್ಕೆ ನಿಜ. 1956ರ ದತ್ತಕ ಕಾಯ್ದೆ ಹಿಂದೂಗಳಿಗೆ ಇದ್ದದ್ದು. ನಮಗೆ 1890ರ ಕಾಯ್ದೆಯಲ್ಲಿ ಪಾಲಕರಾಗಲು ಮಾತ್ರ ಬರುತ್ತಿತ್ತು, ಮಗು ಕಾನೂನಿನಲ್ಲಿ ನಮ್ಮ ಮಗುವಾಗುತ್ತಿರಲಿಲ್ಲ. ಆಂಟಿ ಹೇಳಿದ್ದು ಅದನ್ನೇ. ಬಾಲ ನ್ಯಾಯ ಕಾಯ್ದೆ ಬಂದ ಮೇಲೆ ಅದು ಬದಲಾಯಿತು. ಈಗ 2015ರ ಕಾಯ್ದೆಯಲ್ಲಿ ಯಾವ ಧರ್ಮದವರೂ ಪೂರ್ಣ ದತ್ತು ತೆಗೆದುಕೊಳ್ಳಬಹುದು.

ಕಾರಾ ಅನ್ನುವ ಕೇಂದ್ರ ಸಂಸ್ಥೆಯ ವೆಬ್‌ಸೈಟಿನಲ್ಲಿ ಹೆಸರು ಹಚ್ಚಬೇಕು. ಮನೆಗೆ ಬಂದು ವಿಚಾರಿಸಿ ವರದಿ ಬರೆಯುತ್ತಾರೆ. ಆದೇಶ ಈಗ ಕೋರ್ಟಲ್ಲ, ಜಿಲ್ಲಾಧಿಕಾರಿ ಕೊಡುತ್ತಾರೆ. ಎರಡು ವರ್ಷದೊಳಗಿನ ಮಗು ಬೇಕಿದ್ದರೆ ಗಂಡ ಹೆಂಡತಿಯ ವಯಸ್ಸು ಕೂಡಿಸಿದರೆ 85 ದಾಟಿರಬಾರದು. ನಿಮ್ಮದು 35 ಮತ್ತು 39, 74 ಆಯಿತು. ಸರದಿ ವರ್ಷಗಟ್ಟಲೆ ಇರುತ್ತದೆ, ಹಾಗಾಗಿ ಚಿಕಿತ್ಸೆ ಮುಗಿಯಲಿ ಆಮೇಲೆ ನೋಡೋಣ ಅಂತ ತುಂಬಾ ತಡ ಮಾಡಬೇಡಿ. ಯಾರಾದರೂ ನೇರವಾಗಿ ಆಸ್ಪತ್ರೆಯಿಂದ ಮಗು ಕೊಡಿಸುತ್ತೇನೆ ಅಂದರೆ ಬೇಡ, ಅದು ಅಪರಾಧ.

ಇನ್ನೇನಾದರೂ ಬೇಕಿದ್ದರೆ ಕೇಳಿ. ನಮ್ಮ ಫೈಲಿನ ಕಾಗದಗಳ ಪಟ್ಟಿ ಹುಡುಕಿ ಹಾಕುತ್ತೇನೆ.

ರಾತ್ರಿಪಾಳಿ

ಅಕ್ಕಾ, ಗುರುವಾರಕ್ಕೆ: ಅಣ್ಣನಿಗೆ ಹೇಳಿ, ಕೊನೆಯ ಸಲ ವೀರ್ಯ ಹೋದದ್ದಕ್ಕೂ ಪರೀಕ್ಷೆಗೂ ಎರಡು ದಿನಕ್ಕಿಂತ ಕಮ್ಮಿ ಅಲ್ಲದ, ಏಳು ದಿನಕ್ಕಿಂತ ಜಾಸ್ತಿ ಅಲ್ಲದ ಅಂತರ ಇರಬೇಕು. ಸ್ಯಾಂಪಲ್ ಲ್ಯಾಬಿನಲ್ಲೇ ಕೊಟ್ಟರೆ ಒಳ್ಳೆಯದು. ಮೊದಲ ರಿಪೋರ್ಟಿನಲ್ಲಿ ಕಮ್ಮಿ ಬಂದರೆ ಗಾಬರಿ ಬೇಡ, ಇನ್ನೊಂದು ಸಲ ಮಾಡಿಸಿಯೇ ನಿರ್ಧರಿಸುತ್ತಾರೆ. ನೀವು ದೊಡ್ಡ ಕಡೆ ಹೋಗುವಾಗ ಹಳೇ ಸ್ಕ್ಯಾನ್, ಥೈರಾಯ್ಡ್ ರಿಪೋರ್ಟ್, ಮುಟ್ಟಿನ ದಿನಾಂಕ ಬರೆದ ಚೀಟಿ, ಎಲ್ಲ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ. ರಿಪೋರ್ಟ್ ಬಂದ ಮೇಲೆ ಅರ್ಥವಾಗದ್ದು ಇದ್ದರೆ ಇಲ್ಲಿ ಹಾಕಬೇಡಿ, ನನಗೆ ಕಳಿಸಿ. ಶುಕ್ರವಾರ ನನಗೆ ರಜೆ.